ಕಲ್ಲಿದ್ದಲಿನಲ್ಲಿ ಅಡಗಿರುವ ಅನಿಲ

ಸಹೋದರಿಯರೇ, ಸೂರಃ ಯಾಸೀನ್‌ನ ಕೊನೆಯ ಭಾಗದಲ್ಲಿ ಹಸಿರು ಮರ ಮತ್ತು ಬೆಂಕಿಯ ಪ್ರಸ್ತಾಪ ಬರುವುದು ನಿಮಗೆ ಗೊತ್ತಿದೆ. ಕಲ್ಲಿದ್ದಲಿನ ವಿಷಯ ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಹಸಿರು ಗಿಡಮರಗಳೇ ತಾನೇ ಇಂದಿನ ಕಲ್ಲಿದ್ದಲು?

ಮೇಲಿನ ಮಣ್ಣಿನ ಭಾರ ಮತ್ತು ಭೂಮಿಯೊಳಗಿನ ಶಾಖದಿಂದ ಅದು ನಿಧಾನವಾಗಿ ಬಲಿಯುತ್ತದೆ. ಮೊದಲು ಲಿಗ್ನೈಟ್, ಆಮೇಲೆ ಬಿಟುಮಿನಸ್, ಕೊನೆಗೆ ಆಂಥ್ರಸೈಟ್. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಇನ್ನೂ ಎಳೆಯದು. ಜಾರ್ಖಂಡ್‌ನ ಝರಿಯಾದ ಕಲ್ಲಿದ್ದಲು ಚೆನ್ನಾಗಿ ಬಲಿತದ್ದು. ಹೀಗೆ ಬಲಿಯುವಾಗ ಅದರೊಳಗೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಕಣ್ಣಿಗೆ ಕಾಣದ ಸಣ್ಣ ರಂಧ್ರಗಳ ಗೋಡೆಗೆ ಅಂಟಿಕೊಂಡು, ನೀರಿನ ಒತ್ತಡದಲ್ಲಿ ಅಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಕಲ್ಲಿದ್ದಲು ಬಲಿತಷ್ಟೂ ಅನಿಲ ಹೆಚ್ಚು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಗಣಿಯ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟಗೊಳ್ಳುತ್ತದೆ. 1958ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ವಲಯದ ಚಿನಾಕುರಿ ಗಣಿಯಲ್ಲಿ ಹೀಗೆಯೇ ಆಯಿತು. 170ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಷ್ಟೂ ಜನ ಯಾರದೋ ಮಗ, ಯಾರದೋ ಗಂಡ, ಯಾರದೋ ತಂದೆ.

ಕೊಲ್ಲುವ ಆ ಅನಿಲವೇ ಉಪಕಾರಿಯೂ ಆಗಬಲ್ಲದು. ಕಲ್ಲಿದ್ದಲಿನ ಪದರಕ್ಕೆ ಬಾವಿ ಕೊರೆದು, ಅಲ್ಲಿನ ನೀರನ್ನು ಪಂಪ್ ಮಾಡಿ ಒತ್ತಡ ಇಳಿಸಿದರೆ ಅನಿಲ ಬಿಡಿಸಿಕೊಂಡು ಮೇಲೆ ಬರುತ್ತದೆ. ಅದೇ ರಾಣಿಗಂಜ್ ವಲಯದಲ್ಲಿ 2007ರಲ್ಲಿ ಭಾರತದ ಮೊದಲ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಚೀನಾದ ಶಾನ್‌ಶಿ ಪ್ರಾಂತದಲ್ಲಿ ಅತಿ ಬಲಿತ ಆಂಥ್ರಸೈಟ್‌ನಿಂದಲೂ ಅನಿಲ ತೆಗೆಯುತ್ತಾರೆ. ಆದರೆ ಕೆಲಸ ಸುಲಭವಲ್ಲ. ಬಲಿತ ಕಲ್ಲಿದ್ದಲು ಅನಿಲವನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೇಲೆತ್ತಿದ ನೀರು ಹಲವೆಡೆ ಉಪ್ಪಾಗಿರುವುದರಿಂದ ಅದನ್ನು ಹೊಲಕ್ಕೆ ಹಾಗೆಯೇ ಬಿಡುವಂತಿಲ್ಲ. ಅನಿಲ ಸೋರಿದರೂ ಹಾನಿಯೇ. 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಪೈಪ್‌ನಲ್ಲಿ ಬರುವ ಗ್ಯಾಸ್ ಎಲ್ಲಿಂದಲೇ ಬರಲಿ, ಅದರಲ್ಲಿರುವುದು ಮುಖ್ಯವಾಗಿ ಇದೇ ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ಸೀಲಿಂಗ್ ಕಡೆಗೆ ಏರುತ್ತದೆ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ನಿಲ್ಲುತ್ತದೆ. ಎರಡಕ್ಕೂ ಘಾಟು ವಾಸನೆ ಬೆರೆಸಿರುವುದು ನಮ್ಮನ್ನು ಎಚ್ಚರಿಸಲಿಕ್ಕಾಗಿಯೇ. ಆ ವಾಸನೆ ಬಂದರೆ ಬೆಂಕಿಕಡ್ಡಿ ಗೀರಬೇಡಿ, ಲೈಟು-ಫ್ಯಾನಿನ ಸ್ವಿಚ್ ಮುಟ್ಟಬೇಡಿ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.

ಚಿನಾಕುರಿಯ ಕಾರ್ಮಿಕರಿಗೆ ವಾಸನೆಯ ಆ ಎಚ್ಚರಿಕೆ ಇರಲಿಲ್ಲ. ನಮಗಿದೆ. ಅಲ್ಲಾಹನು ಕೊಟ್ಟ ಈ ಅನುಗ್ರಹವನ್ನು ದುಂದು ಮಾಡದೆ, ಅಜಾಗ್ರತೆಯಿಂದ ಆಪತ್ತಾಗಿಸದೆ ಬಳಸೋಣ.