ಪತ್ತೇದಾರಿ ಧಾರಾವಾಹಿಯೂ ಸತ್ಯದ ಚುಚ್ಚುಮದ್ದೂ

ಹೆಗ್ಗನಹಳ್ಳಿಯಲ್ಲಿ ನಮ್ಮ ನೆರೆಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರು. ಒಂದು ರಾತ್ರಿ ಅವರೊಡನೆ ಕುಳಿತು ಟೆಲಿವಿಷನ್ನಿನ ಅಪರಾಧ ಧಾರಾವಾಹಿಯೊಂದನ್ನು ನೋಡುತ್ತಿದ್ದೆವು. ಪಾತ್ರಧಾರಿಯು ಕೈಗೆ ಗ್ಲೌಸು ತೊಟ್ಟು ತಿರುಗುವ ಲೇತಿಗೆ ಕೈಯೊಡ್ಡಿದುದನ್ನು ಕಂಡು ಅವರು ನಕ್ಕುಬಿಟ್ಟರು. ಗ್ಲೌಸು ಸಿಕ್ಕಿಕೊಂಡರೆ ಕೈಯೇ ಹೋಗುವುದಂತೆ. ತುಸು ಹೊತ್ತಿನ ಮೇಲೆ ಗುಂಡು ತಗಲಿದವನೊಬ್ಬನು ಎರಡು ಮಾರು ಹಿಂದಕ್ಕೆ ಹಾರಿಬಿದ್ದನು. ಈಗ ನಕ್ಕವರು ನಾವು, ಅವರಲ್ಲ.

ಸುಮಾರು 8 ಗ್ರಾಂ ತೂಕದ ಪಿಸ್ತೂಲಿನ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಿಂದ ಬಂದು 60 ಕಿಲೋಗ್ರಾಂ ತೂಕದ ದೇಹದಲ್ಲಿ ನೆಲೆಸಿತೆನ್ನಿ. ಸಂವೇಗ ನಿತ್ಯತೆಯ ನಿಯಮದಂತೆ ದೇಹಕ್ಕೆ ಒದಗುವ ವೇಗ ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಡಿಮೆ. ಏಟು ತಿಂದವನು ಹಾರಿಬೀಳುವುದಾದರೆ ಹೊಡೆದವನೂ ಹಿಂದಕ್ಕೆ ಹಾರಬೇಕಾದೀತು!

ಬಲಗೈಯ ಬ್ಯಾಂಡೇಜು ಮರುನೋಟದಲ್ಲಿ ಎಡಗೈಗೆ ಬರುವುದು, ಗೋಡೆಯ ಗಡಿಯಾರ ಹಿಂದಕ್ಕೆ ನಡೆಯುವುದು, ಇಂಥವನ್ನು ನಾವು ಕ್ಷಮಿಸುತ್ತೇವೆ. ಚಿತ್ರೀಕರಣವು ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಅದರಿಂದ ಯಾರಿಗೂ ಕೇಡೂ ಇಲ್ಲ.

ಕಥೆಯ ಕೊನೆಗೆ ಆರೋಪಿಗೆ ಚುಚ್ಚುಮದ್ದು ಕೊಟ್ಟರು. ಅವನು ಕಣ್ಣು ಮುಚ್ಚಿ ನಡೆದುದೆಲ್ಲವನ್ನೂ ಒಪ್ಪಿಕೊಂಡನು. ಈ ಸಲ ಇಬ್ಬರೂ ನಗಲಿಲ್ಲ. “ನೋಡಿದಿರಾ ಮೇಷ್ಟ್ರೇ, ವಿಜ್ಞಾನದ ಮುಂದೆ ಸುಳ್ಳು ನಡೆಯೋದಿಲ್ಲ” ಎಂದರು ನೆರೆಯವರು. ನಾವೂ ತಲೆಯಾಡಿಸಿದೆವು. ಅವರವರ ಕಸುಬಿನ ತಪ್ಪು ಅವರವರಿಗೆ ಕಾಣುತ್ತದೆ. ಇದು ನಮ್ಮಿಬ್ಬರ ಕಸುಬೂ ಆಗಿರಲಿಲ್ಲ.

ಆಮೇಲೆ ಓದಿ ನೋಡಲಾಗಿ ಸಂಗತಿ ಬೇರೆಯೇ ಆಗಿತ್ತು. ಇದಕ್ಕೆ ಬಳಸುತ್ತಿದ್ದ ಸೋಡಿಯಂ ಪೆಂಟೊಥಾಲ್ ಮೂಲತಃ ಅರಿವಳಿಕೆಯ ಔಷಧ. ಅದು ಸಂಕೋಚವನ್ನು ಸಡಿಲಿಸಿ ಮಾತನಾಡಿಸುತ್ತದೆ. ಆ ಮಾತು ನಿಜವೆಂಬ ಭರವಸೆಯಿಲ್ಲ. ಆ ಮಂಪರಿನಲ್ಲಿಯೂ ಮನುಷ್ಯ ಸುಳ್ಳಾಡಬಲ್ಲ. ಪ್ರಶ್ನಿಸುವವನ ಸೂಚನೆಯನ್ನೇ ನೆನಪೆಂದು ಭ್ರಮಿಸಿ ನುಡಿಯಲೂಬಲ್ಲ. ಈ ಮಂಪರು ಪರೀಕ್ಷೆಗೆ ಒಮ್ಮೆ ನಮ್ಮ ಬೆಂಗಳೂರೇ ಹೆಸರಾಗಿತ್ತು. 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳಿನ ಪರೀಕ್ಷೆ ಇವುಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಪಿತ್ತಿತು. ಒಪ್ಪಿಗೆಯಿತ್ತು ಪರೀಕ್ಷೆಗೊಳಗಾದರೂ ಅದರ ಫಲಿತಾಂಶವೇ ಸಾಕ್ಷ್ಯವಾಗದೆಂದೂ ಹೇಳಿತು.

ಹೀಗೆ ಒಲ್ಲೆನೆನ್ನುವುದು ಆರೋಪಿಯ ಹಕ್ಕು. ಆದರೆ ಧಾರಾವಾಹಿಯನ್ನು ನೋಡಿ ಬೆಳೆದವರಿಗೆ ಪರೀಕ್ಷೆಗೆ ಒಲ್ಲದವನೇ ಅಪರಾಧಿ! ನಿರಪರಾಧಿಯೊಬ್ಬನಿಗೆ ನೆರೆಹೊರೆಯವರ ಈ ತೀರ್ಪಿನ ಮೇಲೆ ಅಪೀಲು ಎಲ್ಲಿದೆ?

ಈ ವಿಷಯವನ್ನು ತಿಳಿಸಿದಾಗ ನೆರೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಅವರು ಯಾಕೆ ಹಾಗೆ ತೋರಿಸ್ತಾರೆ ಮೇಷ್ಟ್ರೇ?” ಎಂದು ಕೇಳಿದರು. ಧಾರಾವಾಹಿ ತಯಾರಿಸುವವರು ಉತ್ತರ ಕೊಡಲಿ. ತಲುಪಿಸಲು ನಾವು ಸಿದ್ಧರಿದ್ದೇವೆ.