ತೀರದ ಋಣವೆಂಬ ನೆಪ

‘ತಾಯಿಯ ಋಣ ತೀರಿಸಲಾಗದು’ ಎನ್ನುವ ಮಾತನ್ನು ಸೇಡಂ, ಚಿತ್ತಾಪುರದ ಸನ್ಮಾನ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಹೇಳುವವರ ಗಂಟಲು ಕಟ್ಟುತ್ತದೆ, ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಒಂದು ಅನುಮಾನ. ತೀರದ ಸಾಲ ಎಂದು ಬರೆದುಬಿಟ್ಟರೆ ಕಂತು ಕಟ್ಟುವ ತಾಪತ್ರಯವೇ ಇರುವುದಿಲ್ಲವಲ್ಲ!

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಮಣ್ಣಿನ ಗುಣ, ಬೇಳೆಯ ರುಚಿ ಎಲ್ಲವನ್ನೂ ಕೊಂಡಾಡಿದೆವು. ಮಳೆಗಾಲವಿಡೀ ಬಗ್ಗಿ ಕಸ ತೆಗೆದವಳು, ಚಳಿಯಲ್ಲಿ ಕೊಯ್ಲಿಗೆ ಹೋದವಳು, ರಾಶಿಯಾದ ಮೇಲೆ ಕಾಳು ಹಸನು ಮಾಡಿ ಬೀಜಕ್ಕೆ ಬೇರೆ, ಊಟಕ್ಕೆ ಬೇರೆ ತೆಗೆದಿಟ್ಟವಳು ಆ ಕೊಂಡಾಟದಲ್ಲಿ ಎಲ್ಲೂ ಇರಲಿಲ್ಲ. ಶಹಾಬಾದಿನ ಪರ್ಸಿ ಗಣಿಯಲ್ಲಿ ಕಲ್ಲು ಹೊತ್ತವಳೂ ಅವ್ವನೇ. ಚಿಂಚೋಳಿಯ ತಾಂಡಾದಲ್ಲಿ ಮಕ್ಕಳನ್ನು ಮುದುಕಿಯ ಬಳಿ ಬಿಟ್ಟು, ತಾಂಡೂರಿನಲ್ಲೋ ವಾಡಿಯಲ್ಲೋ ಮುಂಬೈ ರೈಲು ಹತ್ತಿದವಳೂ ಅವ್ವನೇ. ಸೇಡಂನ ಸಿಮೆಂಟ್ ಕಾರ್ಖಾನೆಗೆ ವಾಸವದತ್ತಾ ಎಂದೂ ಮಳಖೇಡದ್ದಕ್ಕೆ ರಾಜಶ್ರೀ ಎಂದೂ ಹೆಸರಿಟ್ಟರು. ಚಿಮಣಿಗೆ ಹೆಣ್ಣಿನ ಹೆಸರಿಡಲು ಯಾರಿಗೂ ಕಷ್ಟವಾಗಲಿಲ್ಲ.

ನಮ್ಮವ್ವ ಕೂತು ಪಾಠ ಹೇಳಿದವಳಲ್ಲ. ಅದಕ್ಕೆ ಪುರಸೊತ್ತೂ ಇರಲಿಲ್ಲ. ಎಂಥ ಬರಗಾಲವಿದ್ದರೂ ಬೀಜದ ಕಾಳಿಗೆ ಕೈ ಹಾಕುತ್ತಿರಲಿಲ್ಲ. ಕೂಲಿಯವರ ದುಡ್ಡು ಹೊತ್ತು ಮುಳುಗುವ ಮೊದಲೇ ಅವರ ಕೈಗೆ ಹೋಗಬೇಕು. ‘ಅವರ ಮನ್ಯಾಗೂ ಒಲಿ ಹೊತ್ತಬೇಕಲ್ಲಪ್ಪ’ ಎನ್ನುತ್ತಿದ್ದಳು. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ದಾರಿಹೋಕರನ್ನೂ ಕರೆದು ಉಣಿಸದ ಹೊರತು ಹಬ್ಬ ಮುಗಿಯುತ್ತಿರಲಿಲ್ಲ. ಅಷ್ಟು ಬಿಗಿ ಹಿಡಿಯುವ ಕೈ ಅಷ್ಟು ಸಡಿಲವಾಗಿ ಬಡಿಸುವುದು ಹೇಗೆಂದು ನನಗಿನ್ನೂ ಬಿಡಿಸಲಾಗಿಲ್ಲ.

ಆದರೆ ಅವಳ ಒಂದು ಪಾಠವನ್ನು ನಾನು ಒಪ್ಪಲಾರೆ. ಎಲ್ಲರದ್ದೂ ಆದ ಮೇಲೆ ಬುಟ್ಟಿಯಲ್ಲಿ ಉಳಿದದ್ದನ್ನು ಉಣ್ಣುವುದು. ಇದನ್ನು ತ್ಯಾಗವೆಂದು ಹಾಡಿ ಹೊಗಳುವವರು 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣ ಹಲವು. ಕಡೆಗೆ ಉಣ್ಣುವ ರೂಢಿಯನ್ನು ಅವುಗಳಿಂದ ಹೊರಗಿಡುವುದು ಹೇಗೆ?

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದರೆ ಪಕ್ಕದ ಕನಗನಹಳ್ಳಿಯ ಸ್ತೂಪವನ್ನೂ ನೋಡಿಬನ್ನಿ. ಅಲ್ಲಿನ ಶಾಸನಗಳಲ್ಲಿ ಬರುವ ಶಾತವಾಹನ ದೊರೆಗಳಲ್ಲಿ ವಾಸಿಷ್ಠೀಪುತ್ರ ಪುಳುಮಾವಿಯೂ ಒಬ್ಬ. ಅಷ್ಟು ದೊಡ್ಡ ರಾಜ್ಯ ಆಳಿದವನು ತನ್ನನ್ನು ತಾಯಿಯ ಮೂಲಕ ಗುರುತಿಸಿಕೊಂಡ. ಸುಮಾರು ಎರಡು ಸಾವಿರ ವರ್ಷಗಳ ನಂತರ ಅದೇ ಮಣ್ಣಿನ ಪಹಣಿಗಳನ್ನು ತೆರೆದು ನೋಡಿ, ಗಂಡಸರ ಹೆಸರುಗಳ ಸಾಲೇ ಸಾಲು. ಇದು ಬರೀ ಗೌರವದ ಮಾತಲ್ಲ. 2019ರಿಂದ ಬರುತ್ತಿರುವ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಸೇರುವುದು ಜಮೀನು ಯಾರ ಹೆಸರಲ್ಲಿದೆಯೋ ಅವರಿಗೆ. ತೊಗರಿ ಖರೀದಿ ಕೇಂದ್ರದಲ್ಲೂ ಕೇಳುವುದು ಜಮೀನಿನ ದಾಖಲೆಯನ್ನೇ. ಕಸ ತೆಗೆದ ಕೈಯನ್ನು ಯಾರೂ ಕೇಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಉಯಿಲು ಬರೆಯದೆ ತೀರಿಹೋದ ಗಂಡನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲಿದೆ. ಅಪ್ಪನ ದಿನಕರ್ಮ ಮುಗಿದ ಮೇಲೆ ಗಂಡುಮಕ್ಕಳು ಹಕ್ಕು ಬಿಡುವ ಕಾಗದ ತಂದು ಅವ್ವನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೂ ಇದೆ. ಸನ್ಮಾನದಲ್ಲಿ ಗಂಟಲು ಕಟ್ಟುವುದು ಅಂಥ ಮಕ್ಕಳಿಗೂ ಹೌದು.

ಕೇಳಿದರೆ ‘ಅವ್ವನೇ ಬ್ಯಾಡ ಅಂದಳು’ ಎನ್ನುತ್ತಾರೆ. ‘ನನಗ್ಯಾಕ ಬೇಕಪ್ಪ ಹೊಲ’ ಅಂದಿರಲೂಬಹುದು. ಬುಟ್ಟಿಯಲ್ಲಿ ಅರ್ಧ ರೊಟ್ಟಿ ಉಳಿದಾಗಲೂ ‘ನನಗ ಸಾಕು’ ಅಂದವಳು ಅವಳೇ ತಾನೆ.