ನೈಸರ್ಗಿಕವೆಂಬ ಹೆಸರಿನ ಹಿಂಸೆ

ದೊಡ್ಡ ತಳಿಯ ನಾಯಿಗಳನ್ನು ಸಾಕುವುದು ಈಗ ಜೈನ ಮನೆತನಗಳಲ್ಲಿಯೂ ವಿರಳವಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮುಂತಾದ ಈ ನಾಯಿಗಳು ಹಿಂಗಾಲು ಎಳೆಯತೊಡಗಿದೊಡನೆ ಮನೆಯವರು ಕಳವಳಗೊಂಡು, ‘ನೈಸರ್ಗಿಕ’ ಎಂಬ ಪದವನ್ನು ಹೊತ್ತ ಡಬ್ಬಿಗಳತ್ತ ಕೈಚಾಚುತ್ತಾರೆ. ಇಂಗ್ಲಿಷ್ ಔಷಧಿಯಲ್ಲಿ ದೋಷವುಂಟು, ನಿಸರ್ಗದಿಂದ ಬಂದುದರಲ್ಲಿ ಪಾಪವಿಲ್ಲ ಎಂಬುದು ಈ ನಂಬಿಕೆಯ ತಳಹದಿ. ಆ ತಳಹದಿಯೇ ಪೊಳ್ಳು.

ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವ ವ್ಯವಧಾನ ಎಷ್ಟು ಮಂದಿ ಶ್ರಾವಕರಿಗಿದೆ? ಗ್ಲುಕೋಸಮೈನ್ ಬಹುಮಟ್ಟಿಗೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆದುದು. ಕಾಂಡ್ರಾಯ್ಟಿನ್ ದನ, ಹಂದಿ, ಶಾರ್ಕ್ ಮೀನುಗಳ ಮೃದ್ವಸ್ಥಿಯಿಂದ ಬಂದುದು. ನ್ಯೂಜಿಲೆಂಡಿನ ಹಸಿರು ಚಿಪ್ಪಿನ ಕಡಲಜೀವಿಯನ್ನೇ ಒಣಗಿಸಿ ಪುಡಿಮಾಡಿ ಮಾರುವುದುಂಟು. ಮೀನೆಣ್ಣೆ, ಮೂಳೆಯ ಸಾರುಗಳ ಮಾತು ಹೇಳಬೇಕಾಗಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುವ ಕಣ್ಣು ನಾಯಿಯ ಡಬ್ಬಿಯ ಮುಂದೆ ಏಕೆ ಮುಚ್ಚಿಕೊಳ್ಳುತ್ತದೆ? ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುವುದೆಂದು ಬಲ್ಲವರು, ಒಂದು ಜೀವದ ನೋವಿಗಾಗಿ ನೂರು ಜೀವಗಳ ಬೆಲೆ ತೆರುವುದು ಎಂಥ ಲೆಕ್ಕ? ಜೋಳವನ್ನು ಹುದುಗಿಸಿ ಪಡೆದ ಗ್ಲುಕೋಸಮೈನ್, ಪಾಚಿಯಿಂದ ತೆಗೆದ ಎಣ್ಣೆ ಇವೆಯೆಂಬುದು ನಿಜ. ಆದರೆ ನಾಯಿಗಳಲ್ಲಿ ಗ್ಲುಕೋಸಮೈನಿನ ಗುಣ ಇಂದಿಗೂ ದೃಢವಾಗಿ ಸಿದ್ಧಪಟ್ಟಿಲ್ಲ.

ರೋಗದ ಮೂಲವನ್ನಾದರೂ ಅರಿಯಬೇಕಲ್ಲವೆ? ಹಿಪ್ ಡಿಸ್‌ಪ್ಲೇಸಿಯಾ ಎಂದು ವೈದ್ಯರು ಕರೆಯುವ ಈ ವ್ಯಾಧಿಯಲ್ಲಿ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಬಿಗಿಯಾಗಿ ಕೂರದೆ ಸಡಿಲಗೊಂಡು, ಉಜ್ಜಿ ಉಜ್ಜಿ ಕೀಲು ಸವೆಯುತ್ತದೆ. ಬೀಜ ವಂಶದ್ದು, ಅದನ್ನು ಬೆಳೆಸುವುದು ಬಹಳ ಮಟ್ಟಿಗೆ ಮನೆಯ ಊಟ ಮತ್ತು ಮನೆಯ ನೆಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವಿತ್ತು ಜೀವನಪರ್ಯಂತ ಗಮನಿಸಿದರು. (ಜೀವಿಗಳನ್ನು ಹಾಗೆ ಪ್ರಯೋಗಕ್ಕೊಡ್ಡುವುದು ಸರಿಯೆ ಎಂಬುದು ಬೇರೆಯೇ ಚರ್ಚೆ.) ಮಿತವಾಗಿ ಉಂಡವುಗಳಲ್ಲಿ ಈ ವ್ಯಾಧಿ ಕಡಿಮೆ ಕಂಡಿತು. 2002ರಲ್ಲಿ ಪ್ರಕಟವಾದ ವರದಿಯಂತೆ ಅವುಗಳ ಮಧ್ಯಮ ಆಯುಸ್ಸು 13 ವರ್ಷ. ಹೆಚ್ಚು ಉಂಡವುಗಳದು 11.2 ವರ್ಷ. ಯಾವ ಡಬ್ಬಿಯೂ ಕೊಡಲಾರದ ಫಲವಿದು, ಖರ್ಚೂ ಇಲ್ಲ.

ಅಷ್ಟಮಿ, ಚತುರ್ದಶಿಗಳಂದು ಏಕಾಶನವಿರುವ ಮನೆಯ ನಾಯಿ ಮಾತ್ರ ತುಪ್ಪದ ಅನ್ನ, ಲಾಡು, ಶಿರಾ ತಿಂದು ಕೊಬ್ಬಿ ಮಲಗಿರುತ್ತದೆ. (ಶಿರಾದ ಒಣದ್ರಾಕ್ಷಿಯಂತೂ ನಾಯಿಗೆ ವಿಷ, ಮೂತ್ರಪಿಂಡವನ್ನೇ ಕೆಡಿಸುತ್ತದೆ.) ಊಟ ಕಡಿಮೆ ಮಾಡಿರೆಂದರೆ ಕೆಲವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನೇ ಮುಂದಿಡುತ್ತಾರೆ: ಅನ್ನಪಾನನಿರೋಧವು ಅಹಿಂಸಾಣುವ್ರತದ ಅತಿಚಾರವಲ್ಲವೆ? ಅಹುದು. ಆದರೆ ಕ್ರೋಧದಿಂದಲೋ ಪ್ರಮಾದದಿಂದಲೋ ಹಸಿವಿನಲ್ಲಿ ಕೆಡಹುವುದು ಅತಿಚಾರ. ಜೀವಿಯ ಹಿತಕ್ಕಾಗಿ ಅಳೆದು ಉಣಿಸುವುದು ಅತಿಚಾರವಲ್ಲ. ಅದೇ ಸೂತ್ರವು ಮೊದಲಿಗೆ ಹೆಸರಿಸುವ ‘ಬಂಧ’ವನ್ನು ಇವರು ಮರೆಯುತ್ತಾರೆ. ಹಗಲಿಡೀ ಸರಪಳಿಯಲ್ಲಿ ಕಟ್ಟಿದ ನಾಯಿಯ ತೊಡೆಯ ಮಾಂಸಖಂಡಗಳು ಸೊರಗುತ್ತವೆ. ಸಡಿಲ ಕೀಲನ್ನು ಹಿಡಿದಿಡಬೇಕಾದ ಬಲ ಅವುಗಳದ್ದೇ.

ನೆಲದ ಮಾತು ಇನ್ನೂ ಮುಖ್ಯವಾದುದು. ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಯಜಮಾನನಿಗೆ ಪ್ರತಿಷ್ಠೆ, ನಾಯಿಗೆ ಶಿಕ್ಷೆ. ಪ್ರತಿ ಹೆಜ್ಜೆಗೂ ಹಿಂಗಾಲು ಜಾರಿ ಅಗಲಿಸುತ್ತದೆ. ಓಡಾಡುವ ದಾರಿಯಲ್ಲಿ ತೆಂಗಿನ ನಾರಿನ ಚಾಪೆಯನ್ನೋ ಗೋಣಿತಾಟನ್ನೋ ಹಾಸಿದರೆ ಅರ್ಧ ಚಿಕಿತ್ಸೆ ಮುಗಿಯಿತು. ನಾರ್ವೆಯಲ್ಲಿ ದೊಡ್ಡ ತಳಿಯ ಮರಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿದ ಮರಿಗಳಿಗೆ ಅಪಾಯ ಹೆಚ್ಚೆಂದೂ, ಮೆತ್ತನೆಯ ಏರುತಗ್ಗಿನ ನೆಲದಲ್ಲಿ ಸ್ವೇಚ್ಛೆಯಾಗಿ ಆಡಿದವಕ್ಕೆ ಕಡಿಮೆಯೆಂದೂ ಕಂಡುಬಂದಿತು. ವ್ಯಾಧಿ ಬಂದ ಮೇಲೆ ದಿನಕ್ಕೆರಡು ಮೂರು ಸಲ ನಿಧಾನ ನಡಿಗೆ, ಸಾಧ್ಯವಾದರೆ ನೀರಿನಲ್ಲಿ ನಡೆಸುವುದು, ಬೆಚ್ಚನೆಯ ಶಾಖ, ದಪ್ಪ ಹಾಸಿಗೆ. ಚೆಂಡೆಸೆದು ನೆಗೆಸುವುದು ಬೇಡ.

ಇಷ್ಟಾದರೂ ನೋವು ಉಳಿದರೆ ಪಶುವೈದ್ಯರ ಮಾತ್ರೆಯನ್ನು ನಿರಾಕರಿಸುವುದು ಅಹಿಂಸೆಯಲ್ಲ, ಹಟ. ಅವರನ್ನು ಕೇಳದೆ ಮನೆಯಲ್ಲಿರುವ ಐಬುಪ್ರೊಫೆನ್ ನುಂಗಿಸುವುದಂತೂ ಅಪರಾಧವೇ ಸರಿ. ನಾಯಿಯ ಜಠರದಲ್ಲಿ ರಕ್ತ ಸುರಿಯುತ್ತದೆ.

ಕೊಳ್ಳುವವರೇ ಇಲ್ಲದಿದ್ದರೆ ಲಾಭಕ್ಕಾಗಿ ಸಡಿಲ ಕೀಲಿನ ತಾಯಿಗೆ ಸಡಿಲ ಕೀಲಿನ ಗಂಡನ್ನು ಕೂಡಿಸಿ ಮರಿ ಮಾರುವ ಅಂಗಡಿ ಎಂದೋ ಮುಚ್ಚುತ್ತಿತ್ತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳು ವಿಧಿಸಿವೆ. ಕೊಳ್ಳುವಾಗ ತಂದೆತಾಯಿಗಳ ಸೊಂಟದ ಎಕ್ಸ್‌ರೇ ಕೇಳುವವರೆಷ್ಟು ಮಂದಿ? ಬಣ್ಣ ಕೇಳುತ್ತಾರೆ, ಬೆಲೆ ಕೇಳುತ್ತಾರೆ.

ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರಿದ್ದು ಹವಿಸ್ಸನ್ನು ಮುಟ್ಟಿತೆಂದು ಜನ ಹೊಡೆದುರುಳಿಸಿದ್ದ ಒಂದು ಬೀದಿನಾಯಿಯ ಕಿವಿಯಲ್ಲಿ. ಅದರ ವಂಶಾವಳಿಯನ್ನು ಅವನು ವಿಚಾರಿಸಲಿಲ್ಲ. ಬಸದಿಯ ಹೊರಗೆ ಅಂಥವು ಇಂದಿಗೂ ಮಲಗಿವೆ. ಗೋಶಾಲೆಗೆ ಉದಾರವಾಗಿ ಕೊಡುವ ಟ್ರಸ್ಟುಗಳು, ಕಾಲೆಳೆಯುವ ನಾಯಿಗಳಿಗಾಗಿ ಅಲ್ಲಿಯೇ ಒಂದು ಮಣ್ಣುನೆಲದ ಕೊಟ್ಟಿಗೆ ಬಿಟ್ಟುಕೊಟ್ಟು, ವಾರಕ್ಕೊಮ್ಮೆ ಪಶುವೈದ್ಯರನ್ನು ಕರೆಸಲಿ. ಮುಂದಿನ ಪರ್ಯೂಷಣದ ಆಯವ್ಯಯದಲ್ಲಿ ದೀಪಾಲಂಕಾರದ ಬಾಬಿನಿಂದ ತುಸು ತೆಗೆದರೆ ಸಾಕಾದೀತು.